ಎಣ್ಣೆಯ ಕರೆಂಟು ಯಾವ ಹೊತ್ತಿಗೆ?

ಓದುಗರ ಪತ್ರ: "ನಮ್ಮ ದಾಲ್ ಮಿಲ್ಲಿನ ಜನರೇಟರ್ ಅರ್ಧ ನಿಮಿಷದಲ್ಲಿ ಶುರುವಾಗುತ್ತದೆ. ಇಂಥದ್ದೇ ದೊಡ್ಡ ಎಣ್ಣೆ ಸ್ಥಾವರವನ್ನು ನಮ್ಮ ಜಿಲ್ಲೆಯಲ್ಲಿ ಹಾಕಿದರೆ ಬೇಸಿಗೆಯ ಕರೆಂಟಿನ ಕಾಟ ತಪ್ಪುವುದಿಲ್ಲವೇ?" – ಮಿಲ್ ಮಾಲೀಕರು, ಕಲಬುರಗಿ

ಸಂಪಾದಕರ ಉತ್ತರ:

ಅಣ್ಣಾವ್ರೇ, ತೊಗರಿ ಸೀಜನ್ನಿನಲ್ಲಿ ಮಿಲ್ ನಿಂತರೆ ಆಗುವ ಸಂಕಟ ನನಗೆ ಗೊತ್ತು. ನಮ್ಮ ಪ್ರೆಸ್ಸಿನಲ್ಲೂ ಜನರೇಟರ್ ಇದೆ. ಟ್ಯಾಂಕಿಗೆ ಕಡ್ಡಿ ಇಳಿಸಿ, ಒದ್ದೆಯಾದ ಗುರುತು ನೋಡಿ ಡೀಸೆಲ್ ಲೆಕ್ಕ ಬರೆಯುವುದು ನಮ್ಮ ಹುಡುಗನ ಕೆಲಸ. ಒಂದು ಲೀಟರಿಗೆ ಮೂರು, ಹೆಚ್ಚೆಂದರೆ ಮೂರೂವರೆ ಯೂನಿಟ್ ಬರುತ್ತದೆ. ಲೀಟರಿಗೆ 90 ರೂಪಾಯಿ ಅಂತ ಹಿಡಿದರೂ ಬರೀ ಎಣ್ಣೆಗೇ ಯೂನಿಟ್ಟಿಗೆ 25 ರೂಪಾಯಿ ದಾಟುತ್ತದೆ, ಅಲ್ವಾ? ದೊಡ್ಡ ಎಂಜಿನ್ನುಗಳು ಫರ್ನೆಸ್ ಆಯಿಲ್ ಅನ್ನುವ ದಪ್ಪ ಎಣ್ಣೆ ಉರಿಸುತ್ತವೆ, ಇಳುವರಿಯೂ ಸ್ವಲ್ಪ ಜಾಸ್ತಿ. ಆದರೂ ಕಲ್ಲಿದ್ದಲಿನ ಕರೆಂಟಿಗಿಂತ ಅದು ಬಹಳ ದುಬಾರಿ. ಹಾಗಾಗಿ ಅಗ್ಗದ ಕರೆಂಟನ್ನೆಲ್ಲ ತೆಗೆದುಕೊಂಡು, ಅದೂ ಸಾಲದಿದ್ದಾಗ ಮಾತ್ರ ಎಣ್ಣೆ ಸ್ಥಾವರಕ್ಕೆ ಕರೆ ಹೋಗುತ್ತದೆ.

ಹಾಗಂತ ಅದು ದಂಡ ಅಲ್ಲ. ಅದರ ಬೆಲೆ ಇರುವುದು ಬೇಗ ಏಳುವುದರಲ್ಲಿ. ತಣ್ಣಗಾದ ಕಲ್ಲಿದ್ದಲು ಬಾಯ್ಲರನ್ನು ಮತ್ತೆ ಬಿಸಿ ಮಾಡಲು ಗಂಟೆಗಟ್ಟಲೆ ಬೇಕು. ಡೀಸೆಲ್ ಎಂಜಿನ್ನಿಗೆ ಕೆಲವು ನಿಮಿಷ ಸಾಕು. 1990ರ ದಶಕದಲ್ಲಿ ಬೆಂಗಳೂರಿನ ಯಲಹಂಕದಲ್ಲಿ ನಮ್ಮ ಸರ್ಕಾರವೇ ನೂರಕ್ಕೂ ಹೆಚ್ಚು ಮೆಗಾವ್ಯಾಟಿನ ಡೀಸೆಲ್ ಸ್ಥಾವರ ಹಾಕಿತ್ತು. ಈಗ ಅಲ್ಲಿ 370 ಮೆಗಾವ್ಯಾಟಿನ ಗ್ಯಾಸ್ ಸ್ಥಾವರ ಬಂದಿದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಎಣ್ಣೆ ಈಗಾಗಲೇ ನಮ್ಮ ಕರೆಂಟಿನಲ್ಲಿದೆ. ಪಕ್ಕದ ರಾಯಚೂರು ಶಾಖೋತ್ಪನ್ನ ಕೇಂದ್ರ ನೋಡಿ, 1720 ಮೆಗಾವ್ಯಾಟ್, ಎಲ್ಲ ಕಲ್ಲಿದ್ದಲಿನದು. ಆದರೆ ತಣ್ಣನೆ ಒಲೆಯಲ್ಲಿ ಕಲ್ಲಿದ್ದಲ ಪುಡಿ ಸುಮ್ನೆ ಹತ್ತಿಕೊಳ್ಳುವುದಿಲ್ಲ. ಮೊದಲು ಎಣ್ಣೆ ಸಿಂಪಡಿಸಿ ಬೆಂಕಿ ಹಚ್ಚಬೇಕು. ಒಲೆ ಕಾದ ಮೇಲೆ ಪುಡಿ ಬಿಡುತ್ತಾರೆ. ಮಳೆಗಾಲದಲ್ಲಿ ಕಲ್ಲಿದ್ದಲು ಒದ್ದೆಯಾಗಿ ಜ್ವಾಲೆ ನಡುಗಿದರೆ ಮತ್ತೆ ಎಣ್ಣೆಯೇ ಆಸರೆ. ನಮ್ಮವ್ವ ಹಸಿ ಕಟ್ಟಿಗೆಗೆ ಸೀಮೆಎಣ್ಣೆ ಹನಿಸುತ್ತಿದ್ದಳಲ್ಲ, ಅದೇ ಲೆಕ್ಕ.

ಆದರೂ ನಮ್ಮ ಜಿಲ್ಲೆಗೆ ಎಣ್ಣೆ ಸ್ಥಾವರ ಬೇಡ ಅಂತಲೇ ನನ್ನ ಮಾತು. ಸಂಜೆ ಸೋಲಾರ್ ಇಳಿದು ಬೇಡಿಕೆ ಏರುವ ಹೊತ್ತಿಗೆ ಕೈಹಿಡಿಯಲು ನಮ್ಮ ರಾಜ್ಯದಲ್ಲಿ ಶರಾವತಿಯಂಥ ಜಲವಿದ್ಯುತ್ ಇದೆ, 1035 ಮೆಗಾವ್ಯಾಟ್. ಅದೂ ನಿಮಿಷಗಳಲ್ಲೇ ಏಳುತ್ತದೆ. ನೀರು ಕಡಿಮೆಯಾದ ಬೇಸಿಗೆಗೆ ದುಡ್ಡು ಹಾಕುವುದಾದರೆ ದೊಡ್ಡ ಬ್ಯಾಟರಿಗಳ ಮೇಲೆ ಹಾಕಲಿ. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ, ಹಗಲು ತುಂಬಿಟ್ಟು ಸಂಜೆ ಬಳಸಬಹುದು.

ಮುಖ್ಯವಾದ ಮಾತು ಇದು. ನಿಮ್ಮ ಜನರೇಟರ್ ನಿಮ್ಮನ್ನು ಕಾಯುವುದು ಅದು ನಿಮ್ಮ ಕಾಂಪೌಂಡಿನೊಳಗೇ ಇರುವುದರಿಂದ. ಮೇ ತಿಂಗಳ ಗಾಳಿಗೆ ಕಂಬ ಉರುಳಿದರೆ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರೆ, ಸ್ಥಾವರ ಊರ ಪಕ್ಕದಲ್ಲೇ ಇದ್ದರೂ ಮಿಲ್ಲಿಗೆ ಕತ್ತಲೆಯೇ. ಆಗ ಕೊರತೆ ಕರೆಂಟಿನದ್ದಲ್ಲ, ತಂತಿಯದ್ದು. ಅದಕ್ಕೆ ಸ್ಥಾವರ ಮದ್ದಲ್ಲ.

ಡೀಸೆಲ್ ಪುಸ್ತಕದಲ್ಲೇ ಒಂದು ತಿಂಗಳು ಕರೆಂಟು ಹೋದ ಯಾಳೆ, ಬಂದ ಯಾಳೆ, ಅವತ್ತು ಗಾಳಿ-ಮಳೆ ಇತ್ತೇ ಅಂತ ಬರೆಸಿ. ದಿನಾ ಅದೇ ಸಂಜೆ ಹೊತ್ತಿಗೆ ಹೋಗುತ್ತಿದ್ದರೆ ಒಂದು ಜಗಳ, ಗಾಳಿ ಬಂದಾಗಲೆಲ್ಲ ಹೋಗುತ್ತಿದ್ದರೆ ಬೇರೆ ಜಗಳ. ಆ ಪುಟ ಹಿಡಿದುಕೊಂಡು ನಮ್ಮ ಭಾಗಕ್ಕೆ ಕರೆಂಟು ಕೊಡುವ ಕಂಪನಿ ಜೆಸ್ಕಾಂಗೆ ಹೋಗಿ. ನಮಗೂ ಒಂದು ಪ್ರತಿ ಕಳಿಸಿ, ಖಂಡಿತ ಅಚ್ಚು ಹಾಕುತ್ತೇವೆ.