ರಸ್ತೆ ಬದಿಯ ಎರಡು ಕಾಡು ಕ್ರೋಟನ್‌ ಗಿಡಗಳನ್ನು ಬೇರೆ ಬೇರೆ ಗುರುತಿಸುವುದು ಹೇಗೆ?

ಮೊದಲು ಕಾಂಡ ಮುಟ್ಟಿ ನೋಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಹೆಚ್ಚು ಕಡಿಮೆ ನುಣುಪಾಗಿದ್ದರೆ ಅದು ಕ್ರೋಟನ್ ಬಾನ್‌ಪ್ಲಾಂಡಿಯಾನಸ್. ಮೈತುಂಬ ಒರಟು ಕೂದಲಿದ್ದರೆ ಕ್ರೋಟನ್ ಹಿರ್ಟಸ್. ಲೆನ್ಸ್ ಹಿಡಿದರೆ ಆ ಕೂದಲು ನಕ್ಷತ್ರದ ಹಾಗೆ ಕವಲೊಡೆದಿರುವುದು ಕಾಣುತ್ತದೆ.

ಬಾನ್‌ಪ್ಲಾಂಡಿಯಾನಸ್‌ನ ಎಲೆ ಸಪೂರ, ಅಂಚಿನ ಹಲ್ಲು ಸಣ್ಣ. ಹೂವಿನ ಕಡ್ಡಿ ಉದ್ದ. ಅದರ ಬುಡದಲ್ಲಿ ಕೆಲವು ಹೆಣ್ಣು ಹೂ, ಮೇಲೆಲ್ಲ ಬಿಳಿ ಗಂಡು ಹೂ. ಹಿರ್ಟಸ್‌ನ ಎಲೆ ಅಗಲ, ಹಲ್ಲು ದೊಡ್ಡದು, ಗೊಂಚಲು ಗಿಡ್ಡ. ತೊಟ್ಟು ಎಲೆಗೆ ಸೇರುವ ಕಡೆ ತಿರುಗಿಸಿ ನೋಡಿ, ಪುಟ್ಟ ಕಾಲಿನ ಮೇಲೆ ನಿಂತ ಗ್ರಂಥಿಗಳು ಸಿಗುತ್ತವೆ. ನನಗೆ ಜಾಸ್ತಿ ನಂಬಿಕೆ ಇರುವುದು ಈ ಗುರುತಿನ ಮೇಲೆ. ಬರೀ ಎಲೆಯ ಗಾತ್ರ ನಂಬಬೇಡಿ, ನೀರು ಸಿಕ್ಕ ಕಡೆ ಅದು ಸುಮ್ನೆ ದೊಡ್ಡದಾಗುತ್ತದೆ.

ಅಂದ ಹಾಗೆ, ಕುಂಡದಲ್ಲಿ ಬೆಳೆಸುವ ಬಣ್ಣದೆಲೆಯ ‘ಕ್ರೋಟನ್’ ಈ ಕುಲದ್ದೇ ಅಲ್ಲ. ಅದು ಕೊಡಿಯೇಯಮ್ ಕುಲದ್ದು.