ಹದಿನಾರು ಎಕರೆ, ಮೂವತ್ಮೂರು ಅಡಿ

ನಮ್ಮೂರಿನ ದಾರಿಯಲ್ಲಿ ಅಷ್ಟೊಂದು ಹೊಲ ಬೀಳು ಬಿದ್ದಿರುವುದನ್ನು ನೋಡಿ ನೀವು ಕೇಳಿದಿರಿ, "ಬಿತ್ತೋದೂ ಇಲ್ಲ, ಮಾರೋದೂ ಇಲ್ಲ, ಯಾಕೆ ಹೀಗೆ?" ಅಂತ. ನಮ್ಮ ಮನೆಯ ಹೊಲದ ಕತೆ ಹೇಳಿದರೆ ನಿಮಗೆ ಅರ್ಥವಾಗಬಹುದು.

ನಮ್ಮದು ಚಳ್ಳಕೆರೆ ತಾಲ್ಲೂಕು, ಪರಶುರಾಂಪುರ ಹೋಬಳಿ. ಸ್ವಲ್ಪ ದೂರ ಹೋದರೆ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಹೆಣ್ಣು ಕೊಡುವಾಗ, ತರುವಾಗ ಯಾರೂ ಗಡಿ ನೋಡುವುದಿಲ್ಲ. ನಮ್ಮ ದೊಡ್ಡತ್ತೆಯನ್ನು ರಾಯದುರ್ಗದ ಕಡೆ ಕೊಟ್ಟಿದ್ದಾರೆ. ಹೊಲದ ದಾಖಲೆಗೆ ನಾವು ಪಹಣಿ ಅಂದರೆ ಅವರ ಊರಲ್ಲಿ ಅಡಂಗಲ್ ಅನ್ನುತ್ತಾರೆ.

ತಾತನಿಗೆ 16 ಎಕರೆ ಇತ್ತು. ಹನ್ನೆರಡು ಎಕರೆ ಕೆಂಪು ನೆಲ, ವೇದಾವತಿ ಹೊಳೆಯ ಕಡೆ ನಾಲ್ಕು ಎಕರೆ ಎರೆ, ಅಂದರೆ ಕಪ್ಪು ನೆಲ. ಕೆಂಪು ನೆಲದಲ್ಲಿ ಶೇಂಗಾ, ನಡುನಡುವೆ ಅಕ್ಕಡಿ ಸಾಲಿಗೆ ತೊಗರಿ, ಸಜ್ಜೆ. ಮಳೆ ತಡವಾದರೆ ಹುರುಳಿ. ಎರೆಯಲ್ಲಿ ಹಿಂಗಾರಿಗೆ ಜೋಳ, ಕಡಲೆ. ಮಳೆ ಕೈಕೊಟ್ಟ ವರ್ಷವೂ ಏನೋ ಒಂದು ಕಣಕ್ಕೆ ಬರುತ್ತಿತ್ತು.

ಆಮೇಲೆ ಪಾಲಾಯಿತು. ಇದನ್ನು ಹೊರಗಿನವರು ಸರಿಯಾಗಿ ತಿಳಿಯಬೇಕು. ನಾಲ್ಕು ಮಕ್ಕಳಿದ್ದರೆ ಒಬ್ಬನಿಗೆ ಎರೆ, ಒಬ್ಬನಿಗೆ ಕೆಂಪು ಅಂತ ಹಂಚುವುದಿಲ್ಲ. ಹಾಗೆ ಮಾಡಿದರೆ ಅನ್ಯಾಯ ಅಲ್ವಾ? ಅದಕ್ಕೇ ಪ್ರತಿ ಹೊಲವನ್ನೂ ದಾರಿಯಿಂದ ಆ ತುದಿಯವರೆಗೆ ಉದ್ದುದ್ದ ಸೀಳುತ್ತಾರೆ. ಎಲ್ಲರಿಗೂ ದಾರಿ ಸಿಗಬೇಕು, ಎಲ್ಲರಿಗೂ ಒಳ್ಳೆ ಮಣ್ಣು ಸಿಗಬೇಕು. ಅಪ್ಪನ ಪಾಲಿಗೆ ಮೂರು ಎಕರೆ ಕೆಂಪು, ಒಂದು ಎಕರೆ ಎರೆ ಬಂತು. ಅಣ್ಣ ನಾನು ಪಾಲು ಮಾಡಿಕೊಂಡಾಗ ತಲಾ ಒಂದೂವರೆ ಎಕರೆ ಕೆಂಪು, 20 ಗುಂಟೆ ಎರೆ. ಆ 20 ಗುಂಟೆಯ ಉದ್ದ 660 ಅಡಿ, ಅಗಲ 33 ಅಡಿ. ಅದರಲ್ಲೂ ಎರಡು ಕಡೆ ಬದು. ಟ್ರ್ಯಾಕ್ಟರ್ ತಿರುಗಿಸಲು ಹೋದರೆ ಪಕ್ಕದವರ ಪೈರಿನ ಮೇಲೇ ಹೋಗಬೇಕು. ಬಾಡಿಗೆಗೆ ಬರುವವರು ನೋಡಿಯೇ ಬೇಡ ಅಂದುಬಿಡುತ್ತಾರೆ. ಎತ್ತುಗಳಿದ್ದಾಗ ಇದು ಕಷ್ಟವಾಗಿರಲಿಲ್ಲ. ಈಗ ಎತ್ತು ಕಟ್ಟುವವರು ಕಡಿಮೆ. ಅದಕ್ಕೆ ಮೇವು, ಗೋಮಾಳವೂ ಬೇಕಲ್ಲ. 2008ರ ನಂತರ ಕುದಾಪುರ, ಉಳ್ಳಾರ್ತಿ ಕಡೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋದ ಮೇಲೆ ಅಲ್ಲಿ ದನ, ಕುರಿ ಮೇಯಿಸುತ್ತಿದ್ದ ಊರುಗಳಿಗಂತೂ ದೊಡ್ಡ ಪೆಟ್ಟು ಬಿತ್ತು.

ಇನ್ನು ಯಾಕೆ ಮಾರಲ್ಲ ಅನ್ನುವುದು. ಮಾರಲು ಆಗುವುದೇ ಇಲ್ಲ. ತಾತ ಪಾಲು ಮಾಡಿದ್ದು ಪಂಚರ ಮುಂದೆ, ಬಾಯಿಮಾತಿನಲ್ಲಿ. ಪಹಣಿಯಲ್ಲಿ ಇವತ್ತಿಗೂ ತಾತನ ಹೆಸರೇ ಇದೆ. ಪೌತಿ ಖಾತೆ, ಅಂದರೆ ಸತ್ತವರ ಹೆಸರಿನ ಖಾತೆ ವಾರಸುದಾರರ ಹೆಸರಿಗೆ, ಆಗಬೇಕಾದರೆ ಮರಣ ಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಒಪ್ಪಿಗೆ ಬೇಕು. ನಮ್ಮಲ್ಲಿ ಒಬ್ಬ ಬೆಂಗಳೂರಲ್ಲಿ, ಒಬ್ಬ ದಾವಣಗೆರೆಯಲ್ಲಿ, ಇಬ್ಬರು ಬಳ್ಳಾರಿಯಲ್ಲಿ. ಎಲ್ಲರೂ ಒಟ್ಟಿಗೆ ಸೇರುವುದು ಜಾತ್ರೆಗೋ ತಿಥಿಗೋ. ಕಾಗದ ಸರಿಯಾಗುವವರೆಗೆ ನಮ್ಮ ಹೆಸರಲ್ಲಿ ಬೆಳೆ ಸಾಲ ಇಲ್ಲ. ಸಾಲ ಇಲ್ಲದೆ ಬೀಜ ಗೊಬ್ಬರಕ್ಕೆ ಕೈಯಿಂದ ಹಾಕಲು ಎಲ್ಲರಿಗೂ ಆಗಲ್ಲ. ಹೊಲ ಬೀಳು ಬೀಳುವುದು ಹೀಗೆ. ಸೋಮಾರಿತನ ಅಂತ ದಯವಿಟ್ಟು ತಿಳಿಯಬೇಡಿ.

ಅತ್ತೆಯಂದಿರಿಗೆ ಆಗ ಕೊಟ್ಟಿದ್ದು ಸೀರೆ, ಕುಂಕುಮ. ಪಾಲಿನ ಮಾತು ಯಾರೂ ಎತ್ತಲಿಲ್ಲ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾನೂನು ಬಂತು. ಆಮೇಲೂ ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರನ್ನು ಕರೆಯುವುದು ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸಲು ಮಾತ್ರ. ನನಗೆ ಇದು ಬಹಳ ನೋವಿನ ವಿಷಯ. ಅಷ್ಟು ಸಮವಾಗಿ ಮಣ್ಣು ಸೀಳಿದ ಹಿರಿಯರಿಗೆ ಹೆಣ್ಣುಮಕ್ಕಳು ಕಾಣಲೇ ಇಲ್ಲ.

2022ರಲ್ಲಿ ನಮ್ಮ ವೇದಾವತಿಗೆ ಮೇಲ್ಗಡೆ ಕಟ್ಟಿರುವ ವಾಣಿವಿಲಾಸ ಸಾಗರ ಅಣೆಕಟ್ಟು ತುಂಬಿ ಕೋಡಿ ಬಿತ್ತು. ಹಿಂದೆ ಹಾಗೆ ಬಿದ್ದಿದ್ದು 1933ರಲ್ಲಿ. ನಾನು ಹುಟ್ಟಿದಾಗಿನಿಂದ ಬರೀ ಮರಳು ನೋಡಿದ್ದ ಹೊಳೆಯಲ್ಲಿ ನೀರು ಬಂತು. ಬೆಂಗಳೂರಿನವನೂ ರಜೆ ಹಾಕಿ ನೋಡಲು ಬಂದ. ಹೊಳೆ ದಂಡೆಯಲ್ಲಿ ನಿಂತೇ ಮಾತಾಯಿತು. ಅಣ್ಣ, ನಾನು, ಚಿಕ್ಕಪ್ಪನ ಇಬ್ಬರು ಮಕ್ಕಳು ಸೇರಿ ನಮ್ಮ ನಾಲ್ಕು ಪಟ್ಟಿ ಎರೆಯನ್ನು ಒಬ್ಬರಿಗೇ ಕೋರಿಗೆ, ಅಂದರೆ ಬೆಳೆಯಲ್ಲಿ ಪಾಲಿನ ಮೇಲೆ, ಕೊಟ್ಟೆವು. ನಡುವಿನ ಬದು ಉತ್ತು ಹಾಕಿದೆವು. ಮೂಲೆಯ ಬಾಂದು ಕಲ್ಲು ಮಾತ್ರ ಹಾಗೇ ಇವೆ. ಈಗ 132 ಅಡಿ ಅಗಲ, ಟ್ರ್ಯಾಕ್ಟರ್ ಸಲೀಸಾಗಿ ತಿರುಗುತ್ತದೆ. ಮೊದಲ ವರ್ಷ ಕಡಲೆ ಬಿತ್ತಿಸಿದೆವು.

ಪೌತಿ ಖಾತೆಗೂ ಅರ್ಜಿ ಕೊಟ್ಟಿದ್ದೇವೆ, ಇಬ್ಬರು ಅತ್ತೆಯರ ಹೆಸರೂ ಸೇರಿಸಿ. ಒಪ್ಪಿಸಲು ಎರಡು ವರ್ಷ ಹಿಡಿಯಿತು. ದೊಡ್ಡತ್ತೆ ರಾಯದುರ್ಗದಿಂದ ಬಸ್ಸಿನಲ್ಲಿ ಬಂದರು. ಮೊದಲು ಹೊಲಕ್ಕೆ ಹೋಗೋಣ ಅಂದರು. ಆ ತುದಿಯವರೆಗೆ ನಡೆದು, ತಿರುಗಿ ಬಂದು, ಆಮೇಲೆ ಕಾಗದ ಓದಿಸಿಕೊಂಡರು. ಅವರ ಹೆಸರಿನ ಮುಂದೆ 'ಕೋಂ', ಅಂದರೆ ಇಂಥವರ ಹೆಂಡತಿ, ಅಂತ ಮಾವನ ಹೆಸರಿತ್ತು. ಅದನ್ನು ತೆಗೆಸಿ, ಇಂಥವರ ಮಗಳು ಅಂತ ತಾತನ ಹೆಸರು ಬರೆಸಿದ ಮೇಲೇ ಸಹಿ ಹಾಕಿದ್ದು.