ನೀಸ್‌ಗೆ ಹೊರಟವರಿಗೆ: ಕಾರು ಬೇಡ, ಗಟ್ಟಿ ಚಪ್ಪಲಿ ಬೇಕು

ಪ್ರಶ್ನೆ: ಮಗಳು ಪ್ಯಾರಿಸ್‌ನಲ್ಲಿ ಓದುತ್ತಿದ್ದಾಳೆ. ಜೂನ್‌ನಲ್ಲಿ ಅವಳ ಜೊತೆ ನಾವಿಬ್ಬರೂ ನಾಲ್ಕು ದಿನ ದಕ್ಷಿಣ ಫ್ರಾನ್ಸಿನ ಕಡಲತೀರದ ಊರು ನೀಸ್‌ಗೆ ಹೋಗೋಣ ಅಂತಿದ್ದೇವೆ. ಕಾರು ಬಾಡಿಗೆಗೆ ತಗೊಳ್ಳೋದು ಒಳ್ಳೆಯದಾ? ನಮ್ಮ ಮನೆಯವರಿಗೆ ಮೊಣಕಾಲು ನೋವು ಬೇರೆ.
– ದಾವಣಗೆರೆಯ ಓದುಗರು

ಉತ್ತರ: ಕಾರು ಖಂಡಿತ ಬೇಡ. ಒಂದು ಸಲ ನಾನು ತಗೊಂಡು, ಊರು ನೋಡಿದ್ದಕ್ಕಿಂತ ಗಾಡಿ ನಿಲ್ಲಿಸೋಕೆ ಜಾಗ ಹುಡುಕಿದ್ದೇ ಜಾಸ್ತಿ ಆಯಿತು. ಪ್ಯಾರಿಸ್‌ನಿಂದ ಟಿಜಿವಿ ಅನ್ನೋ ವೇಗದ ರೈಲು ಹಿಡಿದರೆ ಸುಮಾರು ಆರು ಗಂಟೆ. ವಿಮಾನದಲ್ಲಿ ಬಂದರೆ ಟ್ಯಾಕ್ಸಿಗೆ ದುಡ್ಡು ಸುರಿಯಬೇಡಿ, ಏರ್‌ಪೋರ್ಟಿನಿಂದಲೇ 2ನೇ ಲೈನಿನ ಟ್ರಾಮ್ ಊರಿನ ನಡುವೆ ಹಾದು ಬಂದರಿನ ತನಕ ಹೋಗುತ್ತದೆ. ಹತ್ತಿದ ಕೂಡಲೇ ಟಿಕೆಟ್ ಮೆಷಿನ್ನಿಗೆ ತೋರಿಸಿ. ಟಿಕೆಟ್ ಜೇಬಲ್ಲಿದ್ದರೆ ಸಾಲದು, ದಂಡ ಬೀಳುತ್ತದೆ.

ಇನ್ನು ಮೊಣಕಾಲಿನ ವಿಷಯ. ನೀಸ್‌ನ ಬೀಚಿನಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಮೊಟ್ಟೆ ಗಾತ್ರದವು, ಬಿಸಿಲಿಗೆ ಕಾದಿರುತ್ತವೆ, ಕಾಲಿಟ್ಟರೆ ಜಾರುತ್ತವೆ. ನೀರು ನಾಲ್ಕೇ ಹೆಜ್ಜೆಗೆ ಆಳ ಆಗುತ್ತದೆ. ಹಾಗಾಗಿ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಇರಲಿ. ನೀರಿಗಿಳಿಯೋಕೆ ಮನಸ್ಸಿಲ್ಲದಿದ್ದರೆ ದಂಡೆಯುದ್ದಕ್ಕೂ ಇರುವ ಪ್ರೊಮೆನಾದ್ ದೆಝಾಂಗ್ಲೆ ರಸ್ತೆಯಲ್ಲಿ ನೀಲಿ ಕುರ್ಚಿಗಳಿವೆ, ಸಂಜೆ ಸುಮ್ನೆ ಕೂತ್ಕೊಳ್ಳಿ. ಜೂನ್‌ನಲ್ಲಿ ಸೂರ್ಯ ಮುಳುಗೋದೇ ರಾತ್ರಿ ಒಂಬತ್ತರ ಮೇಲೆ. ಕೋಟೆ ಗುಡ್ಡಕ್ಕೆ ಮೆಟ್ಟಿಲು ಹತ್ತಬೇಕಿಲ್ಲ, ಸಮುದ್ರದ ಕಡೆಯಿಂದ ಪುಕ್ಕಟೆ ಲಿಫ್ಟ್ ಇದೆ. ಮೇಲೆ ಹೋಗಿ ಕೋಟೆ ಎಲ್ಲಿ ಅಂತ ಹುಡುಕಬೇಡಿ, ಅದನ್ನು ಫ್ರಾನ್ಸಿನ ರಾಜ 14ನೇ ಲೂಯಿ 1706ರಲ್ಲೇ ಕೆಡವಿಸಿಬಿಟ್ಟ. ಆದರೆ ಅಲ್ಲಿಂದ ಕಾಣುವ ಸಮುದ್ರ ಇದೆಯಲ್ಲ, ಅದಕ್ಕೋಸ್ಕರ ಹೋಗಬೇಕು.

ಒಂದು ದಿನ ಲೋಕಲ್ ರೈಲಿನಲ್ಲಿ ಪಕ್ಕದ ಊರು ವಿಲ್‌ಫ್ರಾಂಶ್ ಮತ್ತು ಪುಟ್ಟ ದೇಶ ಮೊನಾಕೊ ನೋಡಿ ಬನ್ನಿ. ಮೊನಾಕೊ ಅರ್ಧ ಗಂಟೆಯ ದಾರಿ ಅಷ್ಟೇ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ಸಮುದ್ರ ಕಾಣೋದು ಆ ಕಡೆಯೇ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನಲ್ಲ. ನೀಸ್‌ನಲ್ಲಿ ಬ್ರೆಡ್ಡೇ ಗತಿನಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಗಾಬರಿ ಬೇಡ. ಅಲ್ಲಿ ಸೊಕ್ಕಾ ಅಂತ ಒಂದು ತಿಂಡಿ ಇದೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಹುಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ, ಅಂಚು ಕರಿಯಾಗುವಾಗ ತೆಗೆದು ಕೆರೆದು ಕೊಡುತ್ತಾರೆ. ಮೇಲೆ ಕಾಳುಮೆಣಸಿನ ಪುಡಿ. ನಮ್ಮ ಕಡಲೆಹಿಟ್ಟಿನ ದೋಸೆಗೆ ದೂರದ ನೆಂಟ ಅನ್ನಿ. ಇಟಲಿಯ ಜಿನೋವಾ ಕಡೆಯೂ ಇದೇ ತಿಂಡಿ ಬೇರೆ ಹೆಸರಿನಲ್ಲಿ ಸಿಗುತ್ತದೆ. ಗಡಿ ಹತ್ತಿರವೇ ಅಲ್ವಾ, ನೀಸ್ ಕಾಯಂ ಆಗಿ ಫ್ರಾನ್ಸಿಗೆ ಸೇರಿದ್ದೇ 1860ರಲ್ಲಿ. ಬಿಸಿಯಾಗಿದ್ದಾಗಲೇ ತಿನ್ನಿ, ಆರಿದರೆ ಚಕ್ಕೆ.

ಮೋಸ ಹೋಗೋದು ಸಲಾಡಿನಲ್ಲಿ. ಊರಿನ ಹೆಸರಿರುವ ನಿಸ್ವಾಸ್ ಸಲಾಡ್‌ನಲ್ಲಿ ಮೀನು, ಮೊಟ್ಟೆ ಎರಡೂ ಇರುತ್ತವೆ. ಈರುಳ್ಳಿ ಹಾಕಿದ ಪಿಸ್ಸಲಾದಿಯೇರ್ ನೋಡೋಕೆ ಪಾಪದ ಪಿಜ್ಜಾ ಥರ ಇದ್ದರೂ ಅದರಲ್ಲಿ ಆಂಚೊವಿ ಮೀನು ಸೇರಿರುತ್ತದೆ. ರಾತತೂಯ್ ಕೇಳಿ, ಅದು ಬದನೆ, ಟೊಮೆಟೊ, ದೊಣ್ಣೆಮೆಣಸಿನಕಾಯಿ ಪಲ್ಯ. ಮಧ್ಯಾಹ್ನ ಎರಡು ದಾಟಿದರೆ ಬಹಳಷ್ಟು ಹೋಟೆಲುಗಳ ಅಡುಗೆಮನೆ ಸಂಜೆ ಏಳರ ತನಕ ಬಂದ್, ಬ್ಯಾಗಿನಲ್ಲಿ ಅವಲಕ್ಕಿ ಇರಲಿ. ನೀರಿನ ಬಾಟಲಿ ಕೊಳ್ಳಬೇಡಿ. 'ಕರಾಫ್ ದೋ' ಅಂದರೆ ಜಗ್ಗಿನಲ್ಲಿ ಪುಕ್ಕಟೆ ತಂದಿಡುತ್ತಾರೆ.

ಅಂದಹಾಗೆ, ಅಂಗಡಿಗೆ ಕಾಲಿಟ್ಟ ತಕ್ಷಣ 'ಬೊಂಜೂರ್' (ನಮಸ್ಕಾರ) ಅನ್ನಿ. ನಾನು ಒಂದು ಬೇಕರಿಯಲ್ಲಿ ನೇರ ಬ್ರೆಡ್ಡಿನ ರೇಟು ಕೇಳಿದೆ. ಆಯಮ್ಮ ನನ್ನ ಮುಖವನ್ನೇ ನೋಡುತ್ತಾ ನಿಂತಳು, ಉತ್ತರವೇ ಇಲ್ಲ. ಕೊನೆಗೆ ಹೊಳೆದು ಬೊಂಜೂರ್ ಅಂದೆ. ಆಮೇಲೆ ಬ್ರೆಡ್ಡೂ ಬಂತು, ನಗುವೂ ಬಂತು.

ಪ್ರಶ್ನೆ: ವೀಸಾಕ್ಕೆ ಯಾವಾಗ ಅರ್ಜಿ ಹಾಕಬೇಕು?
– ಮೈಸೂರಿನ ಓದುಗರು

ಉತ್ತರ: ನಿಮಗೆ ಬೇಕಿರೋದು ಷೆಂಗೆನ್ ವೀಸಾ, ಅಂದರೆ ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯಿಂದ ಹಾಕಬಹುದು, ಕಡೇಪಕ್ಷ 15 ದಿನ ಮುಂಚೆ ಹಾಕಲೇಬೇಕು. 15 ದಿನ ನಂಬಿ ಕೂರಬೇಡಿ, ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟೇ ಸಿಗಲ್ಲ. 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಚಾರ್ಜರ್ ದುಂಡನೆಯ ಎರಡು ಪಿನ್ನಿನದಾದರೆ ಅಲ್ಲೂ ನಡೆಯುತ್ತದೆ, ಮೂರು ಪಿನ್ನಿನದು ನಡೆಯಲ್ಲ. ಮತ್ತೆ, ನೀಸ್‌ನ ಹಳೇ ಪೇಟೆಯಲ್ಲಿರುವ ಕೂರ್ ಸಲೇಯಾದ ಹೂವಿನ ಸಂತೆಗೆ ಸೋಮವಾರ ಹೋಗಬೇಡಿ. ಅವತ್ತು ಹೂವಿನ ಜಾಗದಲ್ಲಿ ಹಳೇ ಸಾಮಾನಿನ ಅಂಗಡಿಗಳಿರುತ್ತವೆ.